ಚಾವಿ ಕೇಳಿಕೊಂಡು ಬಂದವನು

ಅವನ ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ಕಪ್ಪಗಿದ್ದವು. ಎಡಗಾಲಲ್ಲೂ ಬಲಗಾಲಲ್ಲೂ ಒಂದೇ ಸಮ ಚೆಂಡು ಒದೆಯುವವನಿಗೆ ಪೆಟ್ಟೂ ಎರಡೂ ಕಡೆ. ಅದನ್ನು ಮೊದಲು ಕಂಡವಳು ನಮ್ಮ ಅವ್ವ. ಬಾಗಿಲು ತೆರೆದವಳು ಮುಖಕ್ಕಿಂತ ಮುಂಚೆ ಕಾಲು ನೋಡಿದ್ದಳು.

ನುಂಗಂಬಾಕ್ಕಂನ ನಮ್ಮ ಎದುರುಮನೆಗೆ ಪೋರ್ಚುಗಲ್ಲಿನ ಫುಟ್‌ಬಾಲ್ ಆಟಗಾರನೊಬ್ಬ ಬಂದಿದ್ದಾನೆ, ಇಲ್ಲಿನ ತಂಡಕ್ಕೆ ಆಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಧಾರವಾಡದಿಂದ ಆಗಷ್ಟೇ ಬಂದಿದ್ದ ಅವ್ವನಿಗೆ ಗೊತ್ತಿರಲಿಲ್ಲ. ಬಾಗಿಲು ತಾನಾಗಿ ಲಾಕ್ ಆಗಿ ಹೊರಗುಳಿದವನು ಗಾಬರಿಯಲ್ಲಿ ತನ್ನ ಭಾಷೆಯಲ್ಲೇ "ಶಾವಿ, ಶಾವಿ" ಅಂದನಂತೆ. ಅವ್ವ ಒಳಗೆ ಕೂರಿಸಿ, ಚಹಾ ಕೊಟ್ಟು, ವಾಚ್‌ಮನ್‌ಗೂ "ಚಾವಿ" ಅಂತಲೇ ಹೇಳಿ ಇನ್ನೊಂದನ್ನು ತರಿಸಿದಳು. ಸಂಜೆ ನಾನು ಆಫೀಸಿನಿಂದ ಬಂದಾಗ ನನಗೆ ವರದಿ ಕಾದಿತ್ತು.

"ಗೋವಾ ಕಡಿಯಾಂವ ಇರ್ಬೇಕು. ಪಾಪ, ಕನ್ನಡ ಮರ್ತಾನ. ಚಾವಿ, ಮೇಜು, ಬಟಾಟಿ, ಅಷ್ಟ ನೆನಪ ಅದಾವ."

ಆ ಮಾತುಗಳೆಲ್ಲ, ಆಲೂಗಡ್ಡೆಗೆ ಅನ್ನುವ ಬಟಾಟಿಯೂ ಸೇರಿ, ಅವನ ನಾಡಿನಿಂದಲೇ ನಮಗೆ ಬಂದವು ಎಂದರೆ ಅವಳು ಒಪ್ಪಬೇಕಲ್ಲ! "ಬಟಾಟಿ ನಮ್ಮದಲ್ಲಂದ್ರ ಮತ್ಯಾರದು?" ಅಂದಳು. ಅಂದಿನಿಂದ ಅವನೊಡನೆ ಅವಳದು ಅಪ್ಪಟ ಧಾರವಾಡದ ಕನ್ನಡ. ನನ್ನ ಮಗಳೇ ಅಜ್ಜಿಗೆ ತಮಿಳಿನಲ್ಲಿ ಉತ್ತರ ಕೊಡುವ ಮನೆಯಲ್ಲಿ, ಏನೂ ತಿಳಿಯದ ಅವನು ಉಗುರಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತ ಅವಳ ಮಾತನ್ನೆಲ್ಲ ಕೇಳುತ್ತ ಕೂರುತ್ತಿದ್ದ. ಅವನು ಮೆಟ್ಟಿಲು ಹತ್ತಿದರೆ ಸಾಕು, "ಚಾವಿ ಸಿಕ್ತೇನೋ ತಮ್ಮಾ?" ಎಂದು ಕಾಲೆಳೆಯುತ್ತಿದ್ದಳು. "ಸಿಕ್ತರಿ ಅವ್ವಾ" ಅನ್ನುವುದನ್ನು ಕಲಿಸಿದ್ದೂ ಅವಳೇ.

ತನ್ನ ಆಟದ ಕತೆಯನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು. ಮೊದಲ ಕ್ಲಬ್ಬಿನಲ್ಲಿ ಎಡಗಡೆಯ ಡಿಫೆಂಡರ್ ಗಾಯಗೊಂಡಾಗ ಇವನನ್ನು ಅಲ್ಲಿಗೆ ಹಾಕಿದರು. ಚೆನ್ನಾಗಿ ಆಡಿದ್ದೇ ತಪ್ಪಾಯಿತು. ಆಮೇಲೆ ಬಲಗಡೆ, ನಟ್ಟನಡುವೆ, ತೀರ ಹಿಂದೆ. ಕ್ಲಬ್ಬು ಬದಲಾಯಿತು, ದೇಶ ಬದಲಾಯಿತು, ಯಾರಿಲ್ಲವೋ ಅವರ ಜಾಗವೇ ಇವನದಾಯಿತು. "ಕೋಚ್‌ಗಳಿಗೆಲ್ಲ ನನ್ನ ಮೇಲೆ ಬಲು ಪ್ರೀತಿ. ನನ್ನ ಜಾಗ ಯಾವುದು ಅಂತ ಮಾತ್ರ ಯಾರೂ ಕೇಳಲಿಲ್ಲ" ಎಂದು ನಗುತ್ತಿದ್ದ. ಮಂಡಿ ಸೋತಿತ್ತು, ಆ ಸೀಸನ್ನೇ ಕೊನೆ. ಆಟ ಬಿಡುವ ಮುನ್ನ ಒಮ್ಮೆ ಮುಂದೆ ನಿಂತು ಆಡಬೇಕು ಎಂಬುದೊಂದೇ ಅವನ ಆಸೆ. ಕೊನೆಯ ಪಂದ್ಯದ ದ್ವಿತೀಯಾರ್ಧದಲ್ಲಿ ಇಳಿಸುತ್ತೇನೆಂದು ಕೋಚ್ ಮಾತು ಕೊಟ್ಟರು.

ನಾವು ಟೀವಿ ಮುಂದೆ ಕೂತಿದ್ದೆವು. ಕೊಟ್ಟ ಮಾತಿನಂತೆ ಅವನನ್ನು ಕೊನೆಯ ಬದಲಿ ಆಟಗಾರನಾಗಿ ಮುಂದಕ್ಕೇ ಇಳಿಸಿದರು. ಅವನ ಕಾಲಿಗೆ ಚೆಂಡು ಇನ್ನೂ ಸೋಕಿರಲಿಲ್ಲ, ಅಷ್ಟರಲ್ಲಿ ನಮ್ಮ ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್. ಬದಲಿಗಳೆಲ್ಲ ಮುಗಿದಿದ್ದರಿಂದ ಹೊಸಬರನ್ನು ಇಳಿಸುವಂತಿರಲಿಲ್ಲ. ನೋಡನೋಡುತ್ತಿದ್ದಂತೆ ಅವನು ಕೀಪರ್‌ನ ಗ್ಲೌಸ್ ಹಾಕಿಕೊಂಡು ಗೋಲಿನ ಕಡೆ ನಡೆದ.

"ಅಯ್ಯ, ಅವನ್ನ ಬಾಗಲಾ ಕಾಯಾಕ ಹಚ್ಚಿದ್ರಲ್ಲೇ!" ಅವ್ವ ಟೀವಿಗೇ ಬೈದಳು.

ಮರುದಿನ ಬಂದಾಗ ಬಾತಿದ್ದದ್ದು ಕೈಬೆರಳು. "ಗ್ಲೌಸ್ ಯಾರಿಗೆ ಅಂದಾಗ ಎಲ್ಲರೂ ನನ್ನನ್ನೇ ನೋಡಿದರು. ಹೇಗೆ ಬೇಡ ಅನ್ನಲಿ?" ಅಂದ. ಅವ್ವ ಎಣ್ಣೆ ಹಚ್ಚುತ್ತ, "ಎಲ್ಲಾ ಕೀಲಿಗೂ ಬರೂ ಚಾವಿ ಆದ್ಯಲ್ಲೋ ತಮ್ಮಾ. ನಿಂದಂತ ಒಂದ ಕೀಲಿ ಇಲ್ಲೇನು?" ಅಂದಳು. ಅದನ್ನು ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಆ ಸಲ ನಗಲಿಲ್ಲ. ಮುಂದಿನ ವಾರ ಊರಿಗೆ ಹೊರಟುಹೋದ.

ಮೊನ್ನೆ ಅವನ ಫೋನು ಬಂತು. ಊರಿನಲ್ಲಿ ವಯಸ್ಸಾದವರದೊಂದು ತಂಡ ಕಟ್ಟಿಕೊಂಡಿದ್ದಾರಂತೆ, ಎಲ್ಲರಿಗೂ ಹೊಟ್ಟೆ ಬಂದಿದೆಯಂತೆ. ಭಾನುವಾರ ಅವನು ಮುಂದೆ ನಿಂತು ಆಡಿ ಗೋಲು ಹೊಡೆದ. ಅವನಿಗೆ ಅದನ್ನು ನನಗಲ್ಲ, ಅವ್ವನಿಗೆ ಹೇಳಬೇಕಿತ್ತು. ಫೋನು ಸ್ಪೀಕರಿಗೆ ಹಾಕಿ, ಸುದ್ದಿಯನ್ನು ಕನ್ನಡದಲ್ಲಿ ತಿಳಿಸಿ ಅವಳ ಕೈಗೆ ಕೊಟ್ಟೆ. ಅವಳು ಕೇಳಿದಳು:

"ಚಾವಿ ಸಿಕ್ತೇನೋ ತಮ್ಮಾ?"

"ಸಿಕ್ತರಿ ಅವ್ವಾ."

ಈ ಊರಿನಲ್ಲಿ ಅವ್ವನ ಮಾತಿಗೆ ಕಿವಿಗೊಟ್ಟವನು ಅವನು. ಆ ಋಣ ನನ್ನಿಂದ ತೀರುವಂಥದ್ದಲ್ಲ. ಅವ್ವ ಫೋನು ನನಗೆ ವಾಪಸ್ ಕೊಡಲಿಲ್ಲ. ಧಾರವಾಡದ ಸುದ್ದಿ ಹೇಳುತ್ತ ಬಾಲ್ಕನಿಗೆ ಹೋದಳು.