ಆಯಮ್ಮನ ಕೆಮ್ಮು

ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಆಟ ಆಡಿಸುವ ಮೇಷ್ಟ್ರು, ಕೊರಳಲ್ಲಿ ಸದಾ ಸೀಟಿ. ಹಾಗಾಗಿ ಮಕ್ಕಳಿಗೂ ಹೆಡ್‌ಮೇಡಂಗೂ ಅವರು ಸೀಟಿ ಮೇಷ್ಟ್ರೇ. ಮೈದಾನದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯ ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ದೊಡ್ಡ ಗಂಟಲು. ರೋಗ ಹಬ್ಬಿ ಶಾಲೆ ಮುಚ್ಚಿದ ಮೇಲೆ ಆ ಗಂಟಲಿಗೆ ಕೆಲಸವಿಲ್ಲದಂತಾಯಿತು. ಉಳಿದವರೆಲ್ಲ ಫೋನಿನಲ್ಲಿ ಪಾಠ ಮಾಡಿದರು. ಫೋನಿನಲ್ಲಿ ಹಗ್ಗಜಗ್ಗಾಟ ಆಡಿಸುವುದು ಹೇಗೆ?

ಶಾಲೆ ತೆರೆಯಿರಿ ಎಂಬ ಆದೇಶ ಬಂದಾಗ ಕಟ್ಟಡ ಸಜ್ಜು ಮಾಡುವ ಹೊಣೆ ಅವರ ತಲೆಗೇ ಬಂತು.

"ನಿಮಗೆ ಪಾಠದ ತಾಪತ್ರಯ ಇಲ್ವಲ್ಲ ಮೇಷ್ಟ್ರೇ, ನೀವೇ ನಿಂತು ಮಾಡಿಸ್ಬಿಡಿ," ಎಂದರು ಹೆಡ್‌ಮೇಡಂ.

ಮನೆಯಲ್ಲಿ ಮಗಳು ತುಂಬು ಗರ್ಭಿಣಿ. "ಶಾಲೆ ಧೂಳನ್ನು ಬೇಕಾದ್ರೆ ಹೊತ್ಕೊಂಡು ಬನ್ನಿ, ಆ ಹಾಳು ರೋಗ ಮಾತ್ರ ತರ್ಬೇಡಿ," ಎಂದು ಹೆಂಡತಿ ದಿನವೂ ಬಾಗಿಲಲ್ಲೇ ತಡೆಯುತ್ತಿದ್ದಳು. ಮೇಷ್ಟ್ರು ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು. ಮಗಳ ಹತ್ತಿರ ಸುಳಿಯುತ್ತಿರಲಿಲ್ಲ.

ಕಟ್ಟಡ ಕೈಗೆ ಬಗ್ಗುವಂತಿರಲಿಲ್ಲ. ಕಿಟಕಿಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಫ್ಯಾನಿನ ಮೇಲೆ ಪಾರಿವಾಳ ಸಂಸಾರ ಹೂಡಿತ್ತು. ಬೋರ್ಡಿನಲ್ಲಿ ಅರ್ಧಕ್ಕೆ ನಿಂತ ಭಾಗಾಕಾರ ಹಾಗೇ ಇತ್ತು. ಮೇಷ್ಟ್ರು ಸುತ್ತಿಗೆಯಲ್ಲಿ ಹೊಡೆದು ಕಿಟಕಿ ಬಿಡಿಸಿದರು, ಬೆಂಚುಗಳನ್ನು ದೂರ ದೂರ ಎಳೆದರು. ಜೊತೆಗಿದ್ದವಳು ಆಯಮ್ಮ. ಎಷ್ಟೋ ವರ್ಷದಿಂದ ಅಲ್ಲಿ ಕಸ ಗುಡಿಸಿ, ನೆಲ ತೊಳೆದು, ಬಿದ್ದ ಮಕ್ಕಳ ಮಂಡಿ ಒರೆಸಿದವಳು. ಮೇಷ್ಟ್ರು ಜೋರಾಗಿ ಏನಾದರೂ ಹೇಳಿದರೆ, "ಮೆಲ್ಲಗೆ ಹೇಳಿ ಮಾರಾಯ್ರೇ, ಗೋಡೆ ಸುಣ್ಣ ಉದುರುತ್ತೆ," ಎನ್ನುತ್ತಿದ್ದಳು.

ಅಧಿಕಾರಿಗಳು ಪರಿಶೀಲನೆಗೆ ಬರುವ ಹಿಂದಿನ ದಿನ ಬೆಳಿಗ್ಗೆ ಅವಳ ಮುಖ ಬಾಡಿತ್ತು. "ಮೈ ಯಾಕೋ ಬೆಚ್ಚಗಿದೆ. ಬಿಸಿಲಿಗೇ ಇರ್ಬೇಕು," ಎಂದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಮನೆಗೆ ಹೋಗು ಎನ್ನಬೇಕಿತ್ತು. ಆದರೆ ಶೌಚಾಲಯ ಒಂದು ಬಾಕಿ ಇತ್ತು.

"ನಾಳೆ ಬರೋರು ಮೊದ್ಲು ಮೂಗು ತೂರಿಸೋದೇ ಅಲ್ಲಿ. ಫಳಫಳ ಅನ್ಬೇಕು. ಅದೊಂದು ಮುಗಿಸಿ ಹೋಗ್ಬಿಡು," ಎಂದರು.

ಅವರು ಶಾಲಾ ವ್ಯಾನಿನ ಡ್ರೈವರನ್ನು ಜೊತೆಗಿಟ್ಟುಕೊಂಡು ಅಂಗಳದಲ್ಲಿ ಮಕ್ಕಳು ನಿಲ್ಲುವ ಜಾಗಕ್ಕೆ ಬಣ್ಣದಿಂದ ಗುರುತು ಹಾಕುತ್ತಿದ್ದರು. ಆಗ ಬಕೆಟ್ ಉರುಳಿದ ಸದ್ದು. ಹಿಂದೆಯೇ ಕರುಳು ಕಿತ್ತು ಬರುವಂಥ ಕೆಮ್ಮು.

ಮೇಷ್ಟ್ರು ಓಡಿದರು. ಶೌಚಾಲಯದ ಬಾಗಿಲು ಮುಚ್ಚಿತ್ತು. ಹತ್ತಿರ ಹೋಗುತ್ತಿದ್ದಂತೆ ಘಾಟು ಮೂಗಿಗೆ ಚಾಕುವಿನಂತೆ ನುಗ್ಗಿತು. ತಳ್ಳಿದರು, ಜಗ್ಗಲಿಲ್ಲ. ಭುಜ ಕೊಟ್ಟು ಗುದ್ದಿದರು, ಒಮ್ಮೆ, ಇನ್ನೊಮ್ಮೆ. ಬಾಗಿಲು ಚೌಕಟ್ಟಿನಿಂದಲೇ ಕಿತ್ತು ಬಂತು. ಗೋಡೆಗೆ ಒರಗಿ ಕುಸಿದಿದ್ದ ಆಯಮ್ಮನ ಕಣ್ಣು ಮೂಗುಗಳಿಂದ ನೀರು ಧಾರೆಯಾಗಿ ಹರಿಯುತ್ತಿತ್ತು. ಉಸಿರು ಬಿಗಿಹಿಡಿದು, ಅವಳ ಕಂಕುಳಿಗೆ ಕೈ ಹಾಕಿ ಮೈದಾನಕ್ಕೆ ಎಳೆದು ತಂದರು. ಒದ್ದೆಯಾಗಿ ಮುಖಕ್ಕೆ ಮೆತ್ತಿಕೊಂಡಿದ್ದ ಮಾಸ್ಕ್ ಕಿತ್ತೆಸೆದರು. ಅವಳು ನೇರ ಅವರ ಮುಖಕ್ಕೇ ಕೆಮ್ಮಿದಳು.

ಸದ್ದು ಕೇಳಿ ಬಂದ ಹೆಡ್‌ಮೇಡಂ ಅಲ್ಲೇ ನಿಂತುಬಿಟ್ಟರು. "ಅಯ್ಯೋ, ಅವಳಿಗೆ ಬಂದ್ಬಿಟ್ಟಿದೆ! ಮುಟ್ಬೇಡಿ ಮೇಷ್ಟ್ರೇ!"

"ಇದು ಆ ಕೆಮ್ಮಲ್ಲ ಮೇಡಂ, ಒಳಗೆ ಎಂಥದೋ ಹೊಗೆ!"

"ಬೆಳಿಗ್ಗೆಯಿಂದ ಮೈ ಬೆಚ್ಚಗಿತ್ತಂತಲ್ಲ?"

ಮೇಷ್ಟ್ರು ಅವಳ ಹಣೆ ಮುಟ್ಟಿ ನೋಡಿದರು, ಬೆಚ್ಚಗೇ ಇತ್ತು. ಎರಡೂ ಇರಬಹುದಲ್ಲ? ಮಗಳ ಮುಖ ಕಣ್ಣ ಮುಂದೆ ಬಂತು. ಆಯಮ್ಮನ ತುಟಿ ನೀಲಿಯಾಗುತ್ತಿತ್ತು.

"ವ್ಯಾನ್ ತೆಗಿ," ಎಂದರು ಡ್ರೈವರಿಗೆ.

"ಮನೇಲಿ ಚಿಕ್ಕ ಮಕ್ಕಳಿದಾವೆ ಸಾರ್..." ಅವನು ಹಿಂದೆ ಹಿಂದೆ ಸರಿದ.

"ಹಾಗಾದ್ರೆ ಕೀಲಿ ಕೊಡು!"

ಅವನು ಕೈಗೆ ಕೊಡಲಿಲ್ಲ, ದೂರದಿಂದಲೇ ನೆಲಕ್ಕೆ ಎಸೆದ. ಮೇಷ್ಟ್ರು ಹೆಕ್ಕಿಕೊಂಡು, ಅವಳನ್ನು ಸೀಟಿನ ಮೇಲೆ ಮಲಗಿಸಿ, ಕಿಟಕಿಗಳನ್ನೆಲ್ಲ ತೆರೆದು ವ್ಯಾನ್ ಓಡಿಸಿದರು.

"ಮಾತಾಡ್ತಾ ಇರು ಆಯಮ್ಮ, ಸುಮ್ನಾಗ್ಬೇಡ. ಏನು ಹಾಕ್ದೆ?"

"ಬ್ಲೀಚಿಂಗ್ ಪುಡಿ... ಕಲೆ ಹೋಗ್ಲಿಲ್ಲ... ಅದರ ಮೇಲೇ ಆಸಿಡ್..."

"ಬಾಗಿಲು ಯಾಕೆ ಹಾಕ್ಕೊಂಡೆ?"

"ಮಕ್ಕಳ ಕ್ಲಾಸಿಗೆ... ವಾಸನೆ ಹೋಗ್ಬಾರ್ದು ಅಂತ."

ಆಸ್ಪತ್ರೆ ಬಾಗಿಲಲ್ಲಿ ಕಾವಲುಗಾರ ಕೆಮ್ಮು ಕೇಳಿದ್ದೇ ತಡ, ಕೋಲು ಅಡ್ಡ ಹಿಡಿದು ಹೊರಗಿನ ಉದ್ದ ಸಾಲು ತೋರಿಸಿದ. ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು: "ವಿಷದ ಹೊಗೆ ಕುಡಿದಿದಾಳೆ! ಇಲ್ಲೇ ಜೀವ ಹೋಗುತ್ತೆ, ಯಾರಾದ್ರೂ ಬನ್ನಿ!" ಸಾಲಿಗೆ ಸಾಲೇ ತಿರುಗಿ ನೋಡಿತು. ಒಳಗಿನಿಂದ ನರ್ಸ್ ಓಡಿ ಬಂದಳು.

ಆಮ್ಲಜನಕ ಹಚ್ಚಿದರು. ಡಾಕ್ಟರು ಹೊರಬಂದು, "ಬ್ಲೀಚಿಂಗ್ ಪುಡಿ, ಆಸಿಡ್ ಎರಡೂ ಸೇರಿದ್ರೆ ವಿಷ. ಇನ್ನೊಂಚೂರು ತಡವಾಗಿದ್ರೆ ಕಷ್ಟ ಇತ್ತು. ಜ್ವರಾನೂ ಇದೆ, ನಿಮ್ಮಿಬ್ಬರಿಗೂ ಪರೀಕ್ಷೆ ಆಗ್ಲಿ. ಫಲಿತಾಂಶ ಬರೋವರೆಗೂ ಮನೆ ಕಡೆ ಹೋಗ್ಬೇಡಿ," ಎಂದರು.

ಮೇಷ್ಟ್ರು ಶಾಲೆಗೆ ಹಿಂದಿರುಗಿ, ಒಂದು ತರಗತಿಯಲ್ಲಿ ಬೆಂಚಿನ ಮೇಲೆ ಕೂತು ಮನೆಗೆ ಫೋನ್ ಮಾಡಿದರು. ಹೆಂಡತಿ ಎಲ್ಲ ಕೇಳಿಸಿಕೊಂಡಳು.

"ನೀವೇ ಹೋಗ್ಬೇಕಿತ್ತೇನ್ರೀ? ಅಲ್ಲಿ ಬೇರೆ ಯಾರೂ ಇರ್ಲಿಲ್ವಾ?"

"ಇದ್ರು," ಎಂದರು ಮೇಷ್ಟ್ರು.

ಅದೇ ಸಂಜೆ ಮಗಳಿಗೆ ನೋವು ಶುರುವಾಯಿತು. ಹೆಂಡತಿಯ ಜೊತೆ ಪಕ್ಕದ ಮನೆಯಾಕೆಯೂ ಆಸ್ಪತ್ರೆಗೆ ಹೋದಳಂತೆ. ಮೇಷ್ಟ್ರು ಫೋನ್ ಹಿಡಿದುಕೊಂಡು ಬೆಂಚುಗಳ ನಡುವೆ ಓಡಾಡಿದರು. ಫಳಫಳ ಅನ್ಬೇಕು ಎಂದಿದ್ದು ತಾನೇ ಎಂಬುದು ಬಿಟ್ಟೂ ಬಿಡದೆ ಚುಚ್ಚುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹೆಂಡತಿಯ ದನಿ ಬಂತು: "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ." ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ಮೇಷ್ಟ್ರಿಗೂ ಆಯಮ್ಮನಿಗೂ ರೋಗವಿರಲಿಲ್ಲ. ಆಯಮ್ಮ ಕಣ್ಣು ಬಿಟ್ಟು ನೀರು ಕೇಳಿದ್ದಳು.

ಅದಾದ ಮೇಲೆ ಅಧಿಕಾರಿಗಳು ಬಂದಾಗ ಶೌಚಾಲಯಕ್ಕೆ ಬಾಗಿಲೇ ಇರಲಿಲ್ಲ. ಹಳದಿ ಕಲೆಯೂ ಹಾಗೇ ಇತ್ತು. ಮೇಷ್ಟ್ರು ನಡೆದದ್ದನ್ನು ನಡೆದ ಹಾಗೆ ಹೇಳಿದರು, ತಮ್ಮ ಮಾತನ್ನೂ ಬಿಡದೆ. ಶಾಲೆ ತೆರೆಯುವುದು ಮುಂದಕ್ಕೆ ಹೋಯಿತು. "ಇನ್ಮೇಲೆ ಆಸಿಡ್ ಈ ಗೇಟು ದಾಟಕೂಡದು ಮೇಡಂ," ಎಂದರು ಮೇಷ್ಟ್ರು. ಹೆಡ್‌ಮೇಡಂ ಮೇಷ್ಟ್ರ ಮುಖ ನೋಡದೆಯೇ "ಆಗ್ಲಿ" ಎಂದರು. ಹೊಸ ಬಾಗಿಲು ಬರುವ ತನಕ ಮೇಷ್ಟ್ರೇ ಸೋಪಿನ ನೀರು ಹಾಕಿ ಉಜ್ಜಿದರು. ಕಲೆ ಪೂರ್ತಿ ಹೋಗಲಿಲ್ಲ.

ಮಗು ನೋಡಲು ಹೋದಾಗ ಮಗಳು "ಎತ್ಕೊಳ್ಳಪ್ಪಾ" ಎಂದು ಚಾಚಿದಳು. ರೋಗವಿಲ್ಲವೆಂದು ಗೊತ್ತಿದ್ದರೂ ಆಯಮ್ಮನ ಕೆಮ್ಮು ಇನ್ನೂ ಮುಖಕ್ಕೆ ಅಂಟಿಕೊಂಡಂತಿತ್ತು, ಮೇಷ್ಟ್ರ ಕೈ ಮುಂದೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ನೋಡಿ ಬಂದರು.

ಮಕ್ಕಳು ಶಾಲೆಗೆ ಮರಳಿದ ವಾರ ಆಯಮ್ಮನೂ ಕೆಲಸಕ್ಕೆ ಬಂದಳು. ದನಿ ಒಡೆದುಹೋಗಿತ್ತು. ಮೊದಲ ದಿನ ಬೆಳಿಗ್ಗೆ ಅವಳ ಮನೆ ಮುಂದೆ ವ್ಯಾನ್ ನಿಂತಿತ್ತು. ಯಾರೂ ಹೇಳಿ ಕಳಿಸಿರಲಿಲ್ಲ. ಡ್ರೈವರ್ ಇಳಿದು ಬಂದು ಬಾಗಿಲು ತೆರೆದ. ಆಯಮ್ಮ ಅವನನ್ನೊಮ್ಮೆ ನೋಡಿ ಹತ್ತಿ ಕೂತಳು.