ಫ್ರಿಜ್ಜಿನ ಗ್ಯಾಸು ಎಲ್ಲಿಗೆ ಹೋಯಿತು

ಬಂಟ್ವಾಳದ ನಮ್ಮ ಮನೆಯಲ್ಲಿ ಫ್ರಿಜ್ಜು ಇದ್ದದ್ದು ಅಡುಗೆಮನೆಯಲ್ಲಲ್ಲ, ಎದುರಿನ ಹಾಲ್‌ನಲ್ಲಿ. ಅಪ್ಪ, ನಮ್ಮ ಮಾತಿನಲ್ಲಿ ಅಬ್ಬ, ಗಲ್ಫಿನಿಂದ ಹಡಗಿನಲ್ಲಿ ಕಳಿಸಿದ ಸಾಮಾನು, ನಾಲ್ಕು ಜನ ನೋಡಬೇಡವೇ? ಅದರ ತಲೆಯ ಮೇಲೆ ಕಸೂತಿ ಬಟ್ಟೆ, ಒಳಗೆ ಬಂಗುಡೆ ಮೀನು ಮತ್ತು ಅಮ್ಮನ, ಅಂದರೆ ಉಮ್ಮನ, ಇನ್ಸುಲಿನ್. ಮಳೆಗಾಲದಲ್ಲಿ ನನ್ನ ಯೂನಿಫಾರ್ಮ್ ಒಣಗುತ್ತಿದ್ದದ್ದು ಅದರ ಬೆನ್ನಿನ ಬಿಸಿಗೆ. ಎದುರು ತಂಪು, ಹಿಂದೆ ಬಿಸಿ ಯಾಕೆ ಎಂದು ಉಮ್ಮ ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಫ್ರೀಜರಿನ ಮಂಜಿಗೆ ಅಂಟಿಕೊಂಡ ಬಂಗುಡೆಯನ್ನು ಬಿಡಿಸಲು ಉಮ್ಮ ಚೂರಿ ಹಾಕಿದರು. ಬುಸ್ಸೆಂದು ಸದ್ದು ಬಂತು. ಅಲ್ಲಿಗೆ ಫ್ರಿಜ್ಜಿನ ತಂಪು ಮುಗಿಯಿತು. ಆ ಸೆಖೆಗೆ ಇನ್ಸುಲಿನ್ ಹಾಳಾದರೆ ಉಮ್ಮನ ಗತಿಯೇನು? ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ನೀರಿನ ಮಡಕೆಯೊಳಗೆ ಇಳಿಬಿಟ್ಟೆ. ಉಮ್ಮ ಮಾತ್ರ ಫ್ರೀಜರಿನೊಳಗೆ ಮೂಗು ತೂರಿಸಿ ಮೂಸುತ್ತಿದ್ದರು.

ಮರುದಿನ ಮೆಕ್ಯಾನಿಕ್ ಬಂದ. "ಗ್ಯಾಸ್ ಪೂರಾ ಹೋಗಿದೆ ಅಮ್ಮ. ತೂತು ಮುಚ್ಚಿ ಹೊಸತು ತುಂಬಿಸ್ತೇನೆ."

"ಎಲ್ಲಿಗೆ ಹೋಯಿತು?"

"ಗಾಳಿಗೆ. ಹೆದರುವಂಥದ್ದು ಏನಿಲ್ಲ."

"ಹೆದರಿಕೆ ಅಲ್ಲ ಮಾರಾಯ. ಗಾಳಿಗೆ ಹೋಗಿ ಆಮೇಲೆ ಏನು ಮಾಡ್ತದೆ?"

ಅವನು ನಕ್ಕು ಕೆಲಸ ಮುಂದುವರಿಸಿದ. ಸಂಜೆಗೆ ಫ್ರಿಜ್ಜು ತಣ್ಣಗಾಯಿತು, ನನ್ನ ಎದೆಯೂ ತಣ್ಣಗಾಯಿತು.

ಉತ್ತರ ಸಿಕ್ಕಿದ್ದು ಕೆಲವು ವರ್ಷಗಳ ನಂತರ, ಮೂಡುಬಿದಿರೆಯ ಕಾಲೇಜಿನಲ್ಲಿ. ನೆಲದಿಂದ ಮೇಲೇಳುವ ಬಿಸಿಯನ್ನು ಹಳೆಯ ಫ್ರಿಜ್ಜುಗಳ ಆ ಗ್ಯಾಸು ಹೊರಗೆ ಹೋಗಲು ಬಿಡುವುದಿಲ್ಲವಂತೆ. ಭೂಮಿ ಬಿಸಿಯಾಗುವ ಮಾತು ಬಂದರೆ ಇಂಗಾಲದ ಡೈಆಕ್ಸೈಡಿನ ಹೆಸರು ಎಲ್ಲರ ಬಾಯಲ್ಲೂ ಇದೆ. ಅಷ್ಟೇ ತೂಕದ ಈ ಗ್ಯಾಸು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಬಿಸಿ ಮಾಡುತ್ತದೆ, ಸುಮಾರು ನೂರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಅಂದು ಬಸ್ಸಿಳಿದವಳು ಚಪ್ಪಲಿ ಬಿಡುವ ಮೊದಲೇ ಉಮ್ಮನಿಗೆ ಹೇಳಿದೆ.

"ಹಾಗಾದರೆ ನಮ್ಮ ಫ್ರಿಜ್ಜಿನದ್ದು ಇನ್ನೂ ಉಂಟಾ?"

"ಉಂಟು ಉಮ್ಮ."

ಅವರು ಅಂಗಳಕ್ಕೆ ಬಂದು ಮೇಲೆ ನೋಡಿದರು. "ನನ್ನ ಮದ್ದು ತಂಪು ಮಾಡಿದ್ದೇ ಊರನ್ನೆಲ್ಲ ಬಿಸಿ ಮಾಡ್ತದಾ?" ಎಂದು ಕೇಳಿದರು. ಮತ್ತೆ, "ನಾನು ಹೋದ ಮೇಲೆಯೂ ಇರ್ತದಾ?"

ನಾನು ಚಹಾ ಇಡಲು ಒಳಗೆ ಹೋದೆ.

ಈಗ ಉಮ್ಮ ಇಲ್ಲ. ಪ್ರತಿ ಬೇಸಿಗೆಯಲ್ಲಿ ಸೆಖೆ ತಡೆಯಲಾರದೆ ಅಂಗಳಕ್ಕೆ ಬಂದಾಗ ಮೇಲೆ ನೋಡುತ್ತೇನೆ. ಆ ಸೆಖೆಯನ್ನು ಬೈಯಲು ಮನಸ್ಸು ಬರುವುದಿಲ್ಲ. ಉಮ್ಮನ ಕೈಯಿಂದ ಹೊರಬಿದ್ದದ್ದು ಅಲ್ಲೆಲ್ಲೋ ಇನ್ನೂ ಇದೆ.