ಕೆಂಪು ರುಮಾಲಿನವನೂ ಬೋಳುತಲೆಯವನೂ

ವಿಡಿಯೋ ಆಟದ ಪೆಟ್ಟಿಗೆಯನ್ನು ಮನೆಗೆ ತಂದವರು ನನ್ನ ಗಂಡ. ತಂದ ಹೊಸತರಲ್ಲಿ ಟಿವಿಯ ಮುಂದೆ ಕೂತು ಒಂದಷ್ಟು ದಿನ ಕಾರು ಓಡಿಸಿದರು, ಗೋಡೆಗೆ ಗುದ್ದಿಸಿದರು, ಬೇಸರವಾಗಿ ಬಿಟ್ಟರು. ಆಮೇಲೆ ಅದು ನನ್ನ ಪಾಲಿಗೆ ಬಂತು. ನಾನು ಅತ್ತಿಗುಪ್ಪೆಯ ಹತ್ತಿರ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ದಿನವಿಡೀ ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಬೋರ್ಡಿನ ಮೇಲೆ ಬರೆದು ಬಂದವಳಿಗೆ ಸಂಜೆ ಒಂದಿಷ್ಟು ಯುದ್ಧವನ್ನೇ ಮಾಡಿಬಿಡೋಣ ಅನ್ನಿಸಿದರೆ ತಪ್ಪೇನು? ಸ್ಟಾಫ್ ರೂಮಿನಲ್ಲಿ ಎಲ್ಲರೂ ಧಾರಾವಾಹಿ ನೋಡುವವರೇ, ಅದಕ್ಕೆ ಯಾರ ತಕರಾರೂ ಇಲ್ಲ. ನಾನು ಕತ್ತಿ ಹಿಡಿದೆ ಅಂದರೆ ಮಾತ್ರ "ಈ ವಯಸ್ಸಲ್ಲಾ ಮೇಡಂ?" ಅನ್ನುತ್ತಾರೆ.

ನಮ್ಮ ಮನೆ ನಾಗರಬಾವಿಯಲ್ಲಿ. ಗಂಡನ ಮನೆಯವರು ಅಲ್ಲಿನ ಹಳೆಯ ಊರಿನವರು. ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಕಾನೂನು ಓದುವ ಮಕ್ಕಳು ಬಾಡಿಗೆಗಿರುವ ಕೋಣೆಗಳಿವೆ. ಬೀದಿಯ ಕೊನೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಗೂ ಪಿಜಿಯ ಗೋಡೆಗೂ ನಡುವೆ, ಒಂದು ವೀರಗಲ್ಲು ನಿಂತಿದೆ. ಯಾರ ಪರವಾಗಿಯೋ ಕಾದಾಡಿ ಸತ್ತ ಯಾರೋ ಒಬ್ಬ ವೀರ. ಅಕ್ಷರಗಳೆಲ್ಲ ಎಣ್ಣೆಯಲ್ಲಿ ಮುಚ್ಚಿಹೋಗಿವೆ. ಅತ್ತೆಗೆ ಅವನು ದೇವರು. ಪ್ರತಿ ಸೋಮವಾರ ನಡೆದುಹೋಗಿ ದೀಪ ಹಚ್ಚಿ, ಬಾಳೆಹಣ್ಣು ಇಟ್ಟು, ಜೆರಾಕ್ಸ್ ಅಂಗಡಿಯವನನ್ನು ನಾಲ್ಕು ಮಾತಾಡಿಸಿ ಬರುತ್ತಿದ್ದರು. ಮದುವೆಯಾಗಿ ಬಂದ ವಾರದಿಂದ ನಡೆದುಕೊಂಡು ಬಂದದ್ದು.

ಅದು ನಿಂತಿದ್ದು ಮಂಡಿಯಿಂದ. ಎರಡೂ ಮಂಡಿ ಸವೆದು, ಹಾಲಿನಿಂದ ಅಡುಗೆಮನೆಗೆ ಹೋಗುವುದೇ ಒಂದು ಯಾತ್ರೆಯಾಯಿತು. ಆಪರೇಷನ್ ಮಾಡಿಸಿದರೆ ನಡೆಯುತ್ತಾರೆ, ಇಲ್ಲದಿದ್ದರೆ ಕುರ್ಚಿಯೇ ಗತಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅತ್ತೆ ಕುರ್ಚಿಯನ್ನೇ ಆರಿಸಿಕೊಂಡರು. "ಮಲಗಿಸಿ ಕುಯ್ದ ಮೇಲೆ ಏಳದೇ ಓದ್ರೆ? ಕೂತಾದ್ರೂ ಇರ್ತೀನಿ ಬಿಡು" ಅನ್ನುವುದು ಅವರ ವಾದ. ನನ್ನ ಗಂಡ ಅಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಾ, "ಬಿಡಮ್ಮಾ, ನಿಂಗಿಷ್ಟ ಇಲ್ಲಾಂದ್ರೆ ಬೇಡ. ನಾನಿಲ್ವಾ?" ಅನ್ನುತ್ತಿದ್ದರು. ಸೋಮವಾರದ ದೀಪವನ್ನೂ ಅವರೇ ವಹಿಸಿಕೊಂಡರು. ನಾನು ಮಾತ್ರ ಬೆಳಿಗ್ಗೆ ಕಾಫಿ ಕೊಡುವಾಗ ಒಂದು ಸಲ, ಸಂಜೆ ಬಂದಾಗ ಒಂದು ಸಲ ಜಗಳ ತೆಗೆಯುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಅಡಗಿಸಿಟ್ಟು ಯಾರನ್ನು ಉದ್ಧಾರ ಮಾಡಬೇಕಿದೆ?

ಆ ಕುರ್ಚಿ ಟಿವಿಯ ಎದುರಿಗಿತ್ತು. ಹೀಗಾಗಿ ನನ್ನ ಆಟವನ್ನು ಅತ್ತೆ ನೋಡಲೇಬೇಕಾಯಿತು.

"ಇದೇನೆ ಇದು, ಬರೀ ಒಡೆದಾಟ!"

"ಕಥೆ ಇದೆ ಅತ್ತೆ. ನೋಡ್ತಾ ಇರಿ."

ಕಥೆ ಇಷ್ಟೇ. ಯಾವುದೋ ಹಿಮದ ನಾಡು, ಹಳೆಯ ಕಾಲ. ರಾಜ್ಯ ಕಳೆದುಕೊಂಡು ಅಲೆಯುವ ಒಬ್ಬ ದೊರೆ. ಆಡುವವರೇ ಆ ದೊರೆ, ಅಂದರೆ ನಾನು. ಸೈನ್ಯವೆಲ್ಲ ಓಡಿಹೋಗಿ ಜೊತೆಗೆ ಉಳಿದವರು ಇಬ್ಬರೇ ಬಂಟರು. ಅವರ ಹೆಸರುಗಳು ನನ್ನ ನಾಲಿಗೆಗೇ ಹೊರಳುತ್ತಿರಲಿಲ್ಲ. ಅತ್ತೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಒಬ್ಬನನ್ನು ಕೆಂಪು ರುಮಾಲಿನೋನು, ಇನ್ನೊಬ್ಬನನ್ನು ಬೋಳುತಲೆಯೋನು ಎಂದು ಕರೆದರು. ಇಂಗ್ಲಿಷಿನಲ್ಲಿ ಬರುವ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಅವರು ತೀರ್ಪು ಕೊಡಬೇಕು. ಹೀಗೆ ನಡೆಯಿತು ನಮ್ಮ ದಂಡಯಾತ್ರೆ.

ಕೆಂಪು ರುಮಾಲಿನವನು ದೊರೆಯ ಎಡಗಡೆ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾನೆ. ನಾನು ನಿಂತರೆ ನಿಲ್ಲುತ್ತಾನೆ, ಓಡಿದರೆ ಓಡುತ್ತಾನೆ. ಒಮ್ಮೆ ನಾನು ತಪ್ಪು ಗುಂಡಿ ಒತ್ತಿ ದೊರೆಯನ್ನು ಪ್ರಪಾತಕ್ಕೆ ಹಾರಿಸಿಬಿಟ್ಟೆ. ಇವನು ಒಂದು ಕ್ಷಣವೂ ಯೋಚಿಸದೆ ಹಿಂದೆಯೇ ಹಾರಿದ. ಇಬ್ಬರೂ ಸತ್ತರು. ಆಟವೇನೋ ಮತ್ತೆ ಶುರುವಾಯಿತು, ಆದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನಿಗೆ ಮಾತು ಕಡಿಮೆ. ಏನು ಕೇಳಿದರೂ "ನಿಮ್ಮ ಮಾತೇ ನನ್ನ ಮಾತು" ಅನ್ನುತ್ತಾನೆ. ಆದರೆ ಕತ್ತಿ ಹಿಡಿದರೆ ನೋಡಬೇಕು! ದೊರೆಯ ಕಡೆ ಬರುವ ಏಟನ್ನೆಲ್ಲ ಹುಡುಕಿ ಹುಡುಕಿ ತನ್ನ ಮೈಮೇಲೆ ತೆಗೆದುಕೊಳ್ಳುತ್ತಾನೆ. ಆ ಕಾದಾಟದಲ್ಲಿ ಒಂದು ಸೊಗಸಿದೆ, ಪ್ರೀತಿ ಇರುವವರು ಮಾಡಿದ ಅಡುಗೆಯಲ್ಲಿ ಇರುವ ಹಾಗೆ.

ಬೋಳುತಲೆಯವನದು ಬೇರೆಯೇ ಜಾತಕ. ಅವನು ಹಿಂದೆ ನಡೆಯುವವನಲ್ಲ, ಮುಂದೆ. ಯಾವ ಬಾಗಿಲಿಗೆ ಹೋದರೂ ಅಡ್ಡ ನಿಂತು, "ದೊರೆ, ಈ ದಾರಿ ಬೇಡ" ಅನ್ನುತ್ತಾನೆ. ಅವನನ್ನು ಸರಿಸುವುದಕ್ಕೆ ಗುಂಡಿಯೇ ಇಲ್ಲ. ಒಂದು ಸಂಜೆ ಕಾಲೇಜಿನ ಸಿಟ್ಟನ್ನೂ ಸೇರಿಸಿಕೊಂಡು ಅವನಿಗೆ ಕತ್ತಿಯಲ್ಲೇ ತಿವಿದೆ. ಕದಲಲಿಲ್ಲ. "ಹೊಡೆಯಿರಿ. ಆದರೆ ಬಲಗಡೆಯಿಂದ ಹೋಗಿ" ಅಂದ. ಕೊಡಲಿ ಬೀಸುವುದರಲ್ಲಿ ನಿಧಾನ. ಬೆನ್ನು ತೋರಿಸಿ ಓಡುವವರನ್ನು ಮುಟ್ಟುವುದಿಲ್ಲ. ಕಾದಾಟ ಮುಗಿದ ಮೇಲೆ ಬೆಂಕಿಯ ಪಕ್ಕ ಕೂತು ಮೊದಲು ದೊರೆಯ ಕತ್ತಿ ಮಸೆಯುತ್ತಾನೆ, ಆಮೇಲೆ ತನ್ನ ಕೊಡಲಿ.

"ಬಂಟ ಅಂದ್ರೆ ಕೆಂಪು ರುಮಾಲಿನೋನು ಕಣೆ. ಈ ಬೋಳ ಬರೀ ಅಡ್ಡಗಾಲು" ಎಂದು ಅತ್ತೆ ಮೊದಲ ದಿನವೇ ತೀರ್ಮಾನಿಸಿದ್ದರು. ಅದನ್ನು ಹೇಳುವಾಗ ನನ್ನ ಕಡೆ ಒಂದು ಸಲ ನೋಡಿದರು.

ಅವರ ಮನಸ್ಸು ಅಲ್ಲಾಡಿದ್ದು ಹೊಳೆದಂಡೆಯ ಹಳ್ಳಿಯಲ್ಲಿ. ಅಲ್ಲಿ ಹೊಂಚುದಾಳಿ ಇದೆ, ಬೇಡ ಎಂದು ಬೋಳುತಲೆಯವನು ಸಾರಿ ಸಾರಿ ಹೇಳಿದ. ನಾನು ಸುತ್ತುದಾರಿ ಹಿಡಿದು ಅವನ ಕಣ್ಣು ತಪ್ಪಿಸಿ ನುಗ್ಗಿದೆ. ಕೆಂಪು ರುಮಾಲಿನವನು ಎಂದಿನಂತೆ ಹಿಂದೆ ಬಂದ, ನನಗೆ ಬರಬೇಕಿದ್ದ ಬಾಣಗಳನ್ನೆಲ್ಲ ಬೆನ್ನಿಗೆ ತೆಗೆದುಕೊಂಡ. ಬೀಡಿಗೆ ವಾಪಸಾದಾಗ ಬೋಳುತಲೆಯವನು ಅವನನ್ನು ಬೋರಲು ಮಲಗಿಸಿ, ಒಂದೊಂದೇ ಬಾಣ ಕಿತ್ತು, ಗಾಯಕ್ಕೆ ಸೊಪ್ಪು ಕಟ್ಟಿದ. ಒಂದೇ ಒಂದು ಮಾತಾಡಲಿಲ್ಲ.

ಅತ್ತೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. "ನಾನ್ ಏಳಿರ್ನಿಲ್ವಾ ಅನ್ನಲೇ ಇಲ್ವಲ್ಲೇ ಇವ್ನು! ನೀನಾಗಿದ್ರೆ ನೂರು ಸತಿ ಅಂತಿದ್ದೆ."

ಮಾತು ಸುಳ್ಳಲ್ಲ. ಅವನ ಮುಂದೆ ನಾನು ತೀರಾ ಬಾಯಾಳಿ. ಆದರೂ ಆ ಸಂಜೆಯಿಂದ ನನಗೆ ಆ ಬೋಳುತಲೆಯ ಮೇಲೆ ಒಂದು ಗೌರವ ಹುಟ್ಟಿತು, ಅದು ಇವತ್ತಿಗೂ ಹೋಗಿಲ್ಲ. ಒಡೆಯನಿಗೆ ಪ್ರಾಣ ಕೊಡುವುದು ದೊಡ್ಡದೇ. ಒಡೆಯನ ಕೈಲಿ ಬೈಸಿಕೊಂಡೂ ಅವನ ಪ್ರಾಣ ಉಳಿಸುವುದಕ್ಕೆ ಇನ್ನೊಂದು ಬಗೆಯ ಎದೆ ಬೇಕು. ತರಗತಿಯಲ್ಲಿ ನಾನು ಹಳೆಗಾಲದ ಬಂಟರ ಬಗ್ಗೆ ಹೇಳುವುದುಂಟು: ಉಂಡ ಜೋಳದ ಋಣಕ್ಕೆ ಕಾದಾಡುವುದು ಜೋಳವಾಳಿ, ಒಡೆಯ ಸತ್ತ ದಿನವೇ ತಾನೂ ಸಾಯುತ್ತೇನೆಂದು ಮಾತು ಕೊಡುವುದು ವೇಳೆವಾಳಿ. ಇದನ್ನು ಅತ್ತೆಗೂ ಹೇಳಿದೆ.

"ಅನ್ನದ ಋಣ ಸರಿ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರ್ದು" ಅಂದರು. ಆಮೇಲೆ, "ನಮ್ ಕಲ್ಲಿನೋನು ಯಾವ ತರದೋನೋ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಅವರು ತಮ್ಮ ಮಂಡಿ ಸವರುತ್ತಾ ಬಾಗಿಲ ಕಡೆ ನೋಡಿದರು.

ಅನ್ನದ ವಿಷಯ ಬಂದಿತಲ್ಲ, ನಮ್ಮ ದಂಡಯಾತ್ರೆಯ ಹಣೆಬರಹ ಬರೆದದ್ದೂ ಅದೇ. ಆಟದಲ್ಲಿ ಪ್ರತಿ ಕಾದಾಟದ ಮೊದಲು ಬೀಡಿನಲ್ಲಿ ಊಟ. ದೊರೆ ತಾನು ಅರ್ಧ ಉಂಡ ತಟ್ಟೆಯನ್ನು ಬಂಟನ ಕಡೆ ಚಾಚಬಹುದು. ಅದು ಆ ನಾಡಿನಲ್ಲಿ ದೊಡ್ಡ ಮರ್ಯಾದೆ. ಇಲ್ಲವೇ ಬೇರೆ ತಟ್ಟೆಯಲ್ಲಿ ಬಡಿಸಬಹುದು. ನಾನು ಮೊದಲ ಸಲ ತಟ್ಟೆ ಚಾಚಲು ಹೋದಾಗ ಅತ್ತೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

"ಥೂ! ಎಂಜಲು ಕೊಡ್ತೀಯೇನೆ? ನಿನಗೋಸ್ಕರ ಜೀವ ಕೊಡೋರಿಗೆ ಎಂಜಲಾ? ಬೇರೆ ಬಡಿಸು!"

ನಮ್ಮ ಅತ್ತೆಯ ಎಂಜಲಿನ ಮಡಿ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಅವರು ನೀರನ್ನು ತುಟಿ ಸೋಕಿಸದೆ ಎತ್ತಿ ಕುಡಿಯುತ್ತಾರೆ. ಉಪ್ಪು ನೋಡಿದ ಸೌಟು ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಹೆತ್ತ ಮಗ ಕಚ್ಚಿದ ಮಾವಿನ ಹೋಳನ್ನೂ ಮುಟ್ಟಿದವರಲ್ಲ, ತಮ್ಮದನ್ನು ಯಾರಿಗೂ ಕೊಟ್ಟವರೂ ಅಲ್ಲ. ಆಟ ಅತ್ತೆ, ಅದು ಆ ಊರಿನ ಪದ್ಧತಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೀಗಾಗಿ ಕೊನೆಯವರೆಗೂ ನಮ್ಮ ಇಬ್ಬರು ಬಂಟರೂ ಬೇರೆ ತಟ್ಟೆಯಲ್ಲೇ ಮರ್ಯಾದೆಯಿಂದ ಉಂಡರು.

ಕೊನೆಯ ಕಾದಾಟ ಒಂದು ಭಾನುವಾರ ಬಂತು. ರಾಹುಕಾಲಕ್ಕೆ ಮೊದಲೇ ಮುಗಿಸಬೇಕೆಂದು ಅತ್ತೆಯ ಅಪ್ಪಣೆಯಾದ್ದರಿಂದ ಊಟವಾದ ಕೂಡಲೇ ಕೂತೆ. ನನ್ನ ಗಂಡನೂ ಬಂದು ಅಮ್ಮನ ಕಾಲ ಬಳಿ ಕೂತರು. ಶತ್ರುಗಳು ಕೋಟೆಯನ್ನು ಸುತ್ತುಗಟ್ಟಿದ್ದಾರೆ. ಹಿಂಬಾಗಿಲಿನಿಂದ ಹೊಳೆ ದಾಟಿದರೆ ಬದುಕಬಹುದು, ಆದರೆ ಹೊಳೆಯ ತುಂಬ ಪ್ರವಾಹ. ಇಲ್ಲಿ ನನ್ನ ಗುಂಡಿಗಳಿಗೆ ಕೆಲಸವಿಲ್ಲ, ದೃಶ್ಯ ತಾನಾಗಿಯೇ ನಡೆಯಿತು. ದೊರೆ ಸೋತುಹೋಗಿದ್ದ. "ನಾನು ಎಲ್ಲಿಗೂ ಬರುವುದಿಲ್ಲ. ಈ ಸಿಂಹಾಸನದ ಮೇಲೇ ಕೂತು ಸಾಯುತ್ತೇನೆ" ಅಂದ. ಕೆಂಪು ರುಮಾಲಿನವನು "ನಿಮ್ಮ ಮಾತೇ ನನ್ನ ಮಾತು" ಎಂದು ಅವನ ಕಾಲ ಬಳಿ ಕೂತ.

ಇನ್ನು ಮೂವರೂ ಕೋಟೆಯ ಬಾಗಿಲಲ್ಲಿ ಕಾದಾಡಿ, ಬಾವುಟದ ಕೆಳಗೆ ವೀರಮರಣ ಹೊಂದುತ್ತಾರೆ ಎಂದು ನಾನು ಕೈ ಸಜ್ಜು ಮಾಡಿಕೊಂಡೆ. ಅಷ್ಟರಲ್ಲಿ ಬೋಳುತಲೆಯವನು ದೊರೆಯ ರಟ್ಟೆ ಹಿಡಿದು ಎಬ್ಬಿಸಿದ. ದೊರೆ ದ್ರೋಹಿ ಅಂದ, ಕೆನ್ನೆಗೆ ಹೊಡೆದ. ಅವನು ಅದೆಲ್ಲ ಕೇಳಿಸದವನಂತೆ ದೊರೆಯನ್ನು ಕುದುರೆಗೆ ಹತ್ತಿಸಿ, ಲಗಾಮು ತಾನು ಹಿಡಿದು, ಪ್ರವಾಹಕ್ಕೆ ಇಳಿದ. ಕೆಂಪು ರುಮಾಲಿನವನು ಎದ್ದು ಎಡಗಡೆ ಅರ್ಧ ಹೆಜ್ಜೆ ಹಿಂದೆ ಸೇರಿಕೊಂಡು, ಕುದುರೆಗೆ ಬಡಿಯುವ ನೀರಿಗೆ ತನ್ನ ಮೈಯೊಡ್ಡಿದ. ಮೂವರೂ ಆಚೆ ದಡ ಸೇರಿದರು. ಬಾವುಟವಿಲ್ಲ, ಕಹಳೆಯಿಲ್ಲ. ಆಟ ಮುಗಿಯಿತು.

ನನಗೆ ಮೈಯೆಲ್ಲ ಉರಿಯಿತು. ನೆಟ್‌ನಲ್ಲಿ ಹುಡುಕಿದಾಗ ಕಾರಣ ಗೊತ್ತಾಯಿತು. ದೊರೆಯ ತಟ್ಟೆಯಲ್ಲಿ ಉಂಡ ಬಂಟ ಅವನ ಮಾತು ಮೀರುವಂತಿಲ್ಲ ಎನ್ನುವುದು ಆ ನಾಡಿನ ಕಟ್ಟಳೆ. ಎಲ್ಲರೂ ತಟ್ಟೆ ಹಂಚಿ ಆಡುತ್ತಾರೆ, ಬೋಳುತಲೆಯವನೂ ಬಾಯಿ ಮುಚ್ಚಿಕೊಂಡು ಕೋಟೆಯಲ್ಲೇ ಉಳಿಯುತ್ತಾನೆ, ಆ ವೀರಮರಣ ಸಿಗುತ್ತದೆ. ನಾವು ಎಂಜಲು ಕೊಟ್ಟಿರಲಿಲ್ಲ. ಅದಕ್ಕೇ ಅವನು ಮಾತು ಮೀರಲು ಸ್ವತಂತ್ರನಾಗಿದ್ದ.

"ನಿಮ್ಮ ಮಡಿಯಿಂದ ಯುದ್ಧವೇ ಹೋಯ್ತು ಅತ್ತೆ" ಎಂದು ರೇಗಿದೆ.

"ಓಗ್ಲಿ ಬಿಡೆ. ಬದುಕಿ ಬಂದ್ನಲ್ಲ" ಅಂದರು. ಅವರ ಕಣ್ಣು ಪರದೆಯ ಮೇಲೇ ಇತ್ತು, ಅಲ್ಲಿ ಬೋಳುತಲೆಯವನು ಒದ್ದೆ ಬಟ್ಟೆಯಲ್ಲಿ ಕೂತು ದೊರೆಯ ಕತ್ತಿ ಮಸೆಯುತ್ತಿದ್ದ. "ಬೈಸ್ಕೊಂಡ, ಒಡೆಸ್ಕೊಂಡ, ಆದ್ರೂ ಲಗಾಮು ಬಿಡಲಿಲ್ಲ ನೋಡು."

ಆಮೇಲೆ ಮಗನ ತಲೆಯ ಮೇಲೆ ಕೈಯಿಟ್ಟರು. "ಡಾಕ್ಟ್ರಿಗೆ ಫೋನ್ ಮಾಡೋ."

ನನ್ನ ಗಂಡ ಗಾಬರಿಯಾಗಿ, "ಯಾಕಮ್ಮಾ, ನಿಂಗೆ ಬೇಡ ಅಂದ್ರೆ ಬೇಡ ಬಿಡು" ಅಂದರು.

"ನೀನು ಕೆಂಪು ರುಮಾಲು ಕಣೋ. ನಿನ್ನಂತ ಮಗ ಯಾರಿಗೂ ಸಿಗಲ್ಲ. ಆದ್ರೆ ಆಸ್ಪತ್ರೇಲಿ ನಾನು ಬೇಡ ಅಂತ ಅತ್ರೆ ನೀನು ವಾಪಸ್ ಕರ್ಕೊಂಡ್ ಬಂದ್ಬಿಡ್ತೀಯ. ನೀನು ಬಾಗಿಲ ಹತ್ರ ಕೂತಿರು. ಒಳಗೆ ಇವಳು ಬರ್ಲಿ."

ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತದ್ದು ಸಂತೋಷಕ್ಕೋ ಭಯಕ್ಕೋ ನನಗೇ ತಿಳಿಯಲಿಲ್ಲ. ಅಷ್ಟು ದಿನ ಜಗಳವಾಡಿದವಳಿಗೆ ಈಗ, ಹೆಚ್ಚುಕಮ್ಮಿಯಾದರೆ ಏನು ಗತಿ ಅನ್ನಿಸಿತು. ಬೋಳುತಲೆಯವನಿಗೂ ಹೊಳೆಗೆ ಇಳಿಯುವಾಗ ಹೀಗೇ ಆಗಿರಬೇಕು. ಅವನ ಮುಖ ಕಾಣಿಸದ ಹಾಗೆ ಆ ದೃಶ್ಯವನ್ನು ಹಿಂದಿನಿಂದ ತೋರಿಸಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಆಮೇಲಿನದು. ಮರುದಿನ ವಾಕರ್ ಹಿಡಿಸಿ ನಿಲ್ಲಿಸಿದಾಗ ಅತ್ತೆ ನನ್ನನ್ನು ಬೈದ ಬೈಗುಳ ಇಡೀ ವಾರ್ಡಿಗೆ ಕೇಳಿಸಿತು. "ಬಿಡೇ ಕೈನ, ಪಾಪಿ! ಕೊಲ್ತೀಯೇನೆ ನನ್ನ!" ನಾನು ಬಿಡಲಿಲ್ಲ. ಬಾಗಿಲಾಚೆ ನನ್ನ ಗಂಡ ಬಿಸಿನೀರಿನ ಫ್ಲಾಸ್ಕ್ ಅಪ್ಪಿಕೊಂಡು ಕಣ್ಣೀರು ಹಾಕುತ್ತಿದ್ದರು. ರಾತ್ರಿಯೆಲ್ಲ ಆ ಬೆಂಚಿನ ಮೇಲೆ ಕೂತು ಕಳೆದವರು ಅವರೇ. ಒಂದು ಸಲವೂ ಬೇಸರಪಡಲಿಲ್ಲ. ಅವರನ್ನು ನೋಡಿ, ಕೆಂಪು ರುಮಾಲಿನವನನ್ನು ಹಗುರವಾಗಿ ಕಾಣಬಾರದು ಅಂದುಕೊಂಡೆ. ನೀರಿಗೆ ಮೈಯೊಡ್ಡುವವನೂ ಬೇಕಲ್ಲ.

ಮಳೆಗಾಲ ಕಳೆದು ಒಂದು ಸೋಮವಾರ ಅತ್ತೆ ಕೋಲೂರಿಕೊಂಡು ಬೀದಿಯ ಕೊನೆಯವರೆಗೆ ನಡೆದರು. ಜೆರಾಕ್ಸ್ ಅಂಗಡಿಯವನು ಎದ್ದು ಹೊರಗೆ ಬಂದು ನಿಂತ. ಅತ್ತೆ ತಾವೇ ಬಗ್ಗಿ ಕಲ್ಲಿಗೆ ಎಣ್ಣೆ ಹಚ್ಚಿ, ದೀಪ ಬೆಳಗಿ, ಬಾಳೆಹಣ್ಣು ಇಟ್ಟು, ಬಹಳ ಹೊತ್ತು ಕೈಮುಗಿದರು. ಆಮೇಲೆ ಪ್ರಸಾದದ ಹಣ್ಣು ಸುಲಿದು ಒಂದು ತುತ್ತು ಕಚ್ಚಿದರು. ಉಳಿದದ್ದನ್ನು ನನ್ನ ಕಡೆ ಚಾಚಿದರು.

ನಾನು ಅವರ ಮುಖವನ್ನೇ ನೋಡಿದೆ. ಹಲ್ಲಿನ ಗುರುತು ಹಣ್ಣಿನ ಮೇಲೆ ಸ್ಪಷ್ಟವಾಗಿತ್ತು. ಈಸಿಕೊಂಡು ತಿಂದೆ.

"ತಿಂದ್ಯಾ? ಇನ್ ಮ್ಯಾಲೆ ಎದುರು ಮಾತಾಡಂಗಿಲ್ಲ" ಅಂದರು.

"ಆಯ್ತು ಅತ್ತೆ. ಆದ್ರೆ ಆ ಮೋರಿ ಮೇಲಿನ ಚಪ್ಪಡಿ ಅಲ್ಲಾಡ್ತಿದೆ, ಅದರ ಮೇಲೆ ಬೇಡ. ಬಲಗಡೆಯಿಂದ ಬನ್ನಿ."

ಅತ್ತೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಬಲಗಡೆಯಿಂದ ಬಂದರು. ಅವರ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ, ಎಣ್ಣೆಯ ಬಟ್ಟಲು ಹಿಡಿದುಕೊಂಡು, ನನ್ನ ಗಂಡ ನಡೆದು ಬರುತ್ತಿದ್ದರು.